ನಾಲೆಗಿಳಿದ ಬಿಳಿ ಶರ್ಟು

ನನಗಾಗ ಅರವತ್ತೆರಡು ವರ್ಷ. ಈಗ್ಗೆ ಏಳು ವರ್ಷದ ಮಾತು. ಬೆಸಗರಹಳ್ಳಿ ಕಡೆಯ ನಾಲೆ ಏರಿಯ ಮೇಲೆ ತಲೆ ಮೇಲೆ ಕೈಹೊತ್ತು ಕೂತಿದ್ದೆ. ಇಸ್ತ್ರಿ ಹಾಕಿದ ಬಿಳಿ ಶರ್ಟು ತೊಟ್ಟು, ಬಗಲಿಗೆ ಚೀಲ ಏರಿಸಿಕೊಂಡ ಒಬ್ಬ ಮನುಷ್ಯ ಬೈಕಿನಿಂದ ಇಳಿದ. ಮದುವೆಗೆ ಹೊರಟವನು ದಾರಿ ತಪ್ಪಿರಬೇಕು ಅಂದುಕೊಂಡೆ. ಅವನೇ ಮಳವಳ್ಳಿಯ ಮಾದೇಶ. ಮಣ್ಣು ತೆಗೆಯುವ ಚೈನು ಗಾಡಿಗಳ ಕರೆಂಟಿನ ಕಾಯಿಲೆ ನೋಡುವುದು ಅವನ ಕಸುಬು.

ಜಂಬದ ಮನುಷ್ಯ. ಕನ್ನಡಿ ಕಂಡಲ್ಲಿ ಬಾಚಣಿಗೆ ತೆಗೆಯುತ್ತಿದ್ದ, ಗಾಡಿಯ ಕನ್ನಡಿಯನ್ನೂ ಬಿಡುತ್ತಿರಲಿಲ್ಲ. ಗ್ರೀಸಿನ ನಡುವೆ ಬದುಕುವವನ ಅಂಗಿಯ ಮೇಲೆ ಒಂದು ಚುಕ್ಕೆ ಇರುತ್ತಿರಲಿಲ್ಲ. ಕೇಳಿದರೆ, “ಕಲೆ ಮಾಡ್ಕೊಳೋರು ತಿಳೀದೆ ಕೈ ಇಕ್ಕೋರು ಕಣವ್ವ. ನಾನು ಮೊದ್ಲು ತಿಳ್ಕೊತೀನಿ, ಆಮೇಲೆ ಇಕ್ತೀನಿ” ಅನ್ನುತ್ತಿದ್ದ.

ನಮ್ಮದು ಹಳೆ ಗಾಡಿ. ಆಲೆಮನೆ ಮಾರಿ, ಮಳವಳ್ಳಿಯವರೊಬ್ಬರಿಂದ ಕೊಂಡದ್ದು. ಹಸುವಿನ ಜೊತೆ ಹಗ್ಗ ಬಂದ ಹಾಗೆ ಡ್ರೈವರ್ ಸ್ವಾಮಿಯೂ ಗಾಡಿಯ ಜೊತೆಗೇ ಬಂದ. ಗಂಡ ಸತ್ತ ಮೇಲೆ ನನ್ನ ಅನ್ನ ಆ ಗಾಡಿಯದೇ. ಆ ವರ್ಷ ನಾಲೆಯ ಹೂಳು ಎತ್ತುವ ಕೆಲಸ ಹಿಡಿದಿದ್ದೆವು. ಅವತ್ತು ಬೆಳಗ್ಗೆ ನಾಲೆಯ ನಡುಮಧ್ಯೆ ಗಾಡಿ ನಿಂತುಬಿಟ್ಟಿತು. ಇಂಜಿನ್ನು ಓಡುತ್ತಿತ್ತು, ಯಾವ ಲಿವರ್ ಎಳೆದರೂ ಬಕೀಟಿನ ಕೈ ಏಳದು, ಚೈನು ಉರುಳದು. ಮೇಲುಗಡೆ ಆಗಲೇ ನೀರು ಬಿಟ್ಟಾಗಿತ್ತು. ಮಾರನೆಯ ಬೆಳಗಿನ ಜಾವಕ್ಕೆ ನಮ್ಮ ತಾವಕ್ಕೆ ಬರುತ್ತದೆ ಅಂತ ನಾಲೆ ನೋಡುವ ನೀರಗಂಟಿ ಹೇಳಿ ಹೋಗಿದ್ದ. ಬೇರೆ ಗಾಡಿ ತಂದು ಎಳೆಸೋಣ ಅಂದರೆ ಚೈನು ನೆಲ ಕಚ್ಚಿಕೊಂಡಿತ್ತು. ಗಾಡಿ ಮುಳುಗಿದರೆ ನಾನೂ ಮುಳುಗಿದೆ, ಅಷ್ಟೇ.

ಈ ಕಾಯಿಲೆ ಹೊಸದಲ್ಲ, ಆಗಾಗ ಬಂದು ಹೋಗುತ್ತಿತ್ತು. ಮುಂಚೆ ಬಂದ ಮೆಕ್ಯಾನಿಕ್ಕುಗಳು ಗಾಡಿಯ ಪರದೆ ನೋಡಿ, ಅದು ಹೇಳಿದ ಸಾಮಾನು ಬದಲಾಯಿಸಿ ಹೋಗಿದ್ದರು. ಸ್ವಾಮಿ ಫೋನು ಮಾಡಿ ಕರೆಸಿದ್ದ ಮಾದೇಶನಿಗೆ ಅದನ್ನು ಹೇಳಿದಾಗ ನಕ್ಕ. “ಪರದೆ ತೋರ್ಸದು ನೋವ ಕಣವ್ವ. ರೋಗ ತೋರ್ಸಕಿಲ್ಲ.”

ಅವನು ಚೀಲ ಬಿಚ್ಚಲಿಲ್ಲ. ಸ್ವಾಮಿಯನ್ನು ಇಳಿಸಿ ತಾನು ಸೀಟಿನ ಮೇಲೆ ಸುಮ್ಮನೆ ಕೂತ, ದೇವಸ್ಥಾನದಲ್ಲಿ ಕೂತವನ ಹಾಗೆ. ನನ್ನ ಎದೆಯಲ್ಲಿ ನೀರಿನ ಸದ್ದು.

“ಅಲ್ಲೇನು ನಿದ್ದೆ ಒಡೀತಿದ್ದೀಯಾ?” ಅಂದೆ.

“ಇರುವೆ ನೋಡ್ತಾ ಇವ್ನಿ, ಬುಡವ್ವ” ಅಂದ.

ಕ್ಯಾಬಿನ್ನಿನೊಳಗೆ ಸಣ್ಣ ಕೆಂಪಿರುವೆ ಸಾಲುಗಟ್ಟಿದ್ದವು. ನಾವು ದಿನಾ ನೋಡಿದವೇ. ಅವು ಬಾಗಿಲಿಂದ ಹತ್ತಿ, ಸೀಟಿನ ಹಿಂದಿನ ಮ್ಯಾಟಿನಡಿ ನುಗ್ಗುತ್ತಿದ್ದವು.

“ಲೇ ಸ್ವಾಮಿ, ಅಮಾಸೆ ಪೂಜೇಲಿ ಕಾಯಿ ಎಲ್ಲೊಡೀತೀಯಾ?”

“ಇಲ್ಲೇ ಕಣಣ್ಣ, ಸೀಟಿನ ಹಿಂದ್ಗಡೆ ಕಬ್ಬಿಣಕ್ಕೆ. ದೇವ್ರ ಪಟ ಅಲ್ಲೇ ಅದೆಯಲ್ಲ. ಹಳೇ ಓನರ್ ಕಾಲ್ದಿಂದ್ಲೂ ಅಂಗೇ.”

“ಕಾಯಿ ನೀರು?”

ಸ್ವಾಮಿ ಮ್ಯಾಟು ನೋಡಿದ. “ಅದೇನು, ಅರಿದೋಯ್ತದೆ.”

“ಎಲ್ಲಿಗ್ಲಾ ಅರಿದೋಯ್ತದೆ? ದೇವ್ರ ತಾವಕ್ಕಾ?”

ಗಾಡಿಗೆ ತಲೆಯ ಹಾಗಿರುವ ಕರೆಂಟಿನ ಪೆಟ್ಟಿಗೆ ಅದೇ ಮ್ಯಾಟಿನಡಿಯಂತೆ, ಸಿಹಿ ಕಾಯಿ ನೀರು ಅಲ್ಲಿಗೇ ಇಳಿದು ಇರುವೆ ಕರೆದಿತ್ತಂತೆ. ಸಿಕ್ಕಿತಲ್ಲ, ಬೇಗ ಬಿಚ್ಚು ಅಂದೆ. ಬಿಚ್ಚಲಿಲ್ಲ. “ಇರುವೆ ಸಾಕ್ಷಿ ಏಳ್ತವೆ ಅಷ್ಟೆ. ತೀರ್ಪು ಮೀಟ್ರುದು.” ಗಾಡಿಯ ಹೊಟ್ಟೆಯಡಿಗೆ ಹೋಗಿ, ಲಿವರುಗಳಿಗೆ ಜೀವ ಕೊಡುವ ಕಡೆ ಕರೆಂಟು ಬರುತ್ತಿದೆಯೋ ಇಲ್ಲವೋ ಮೀಟರಿನಲ್ಲಿ ನೋಡಬೇಕಂತೆ.

ಆಗ ಸ್ವಾಮಿ ಅಂದ, “ಅಲ್ಲಿಗೆ ಬ್ಯಾಟ್ರಿಯಿಂದ ನೇರ ಒಂದು ತಂತಿ ಕೊಟ್ಬುಡಣ್ಣ. ಈಗ್ಲೇ ಏರಿ ಅತ್ತುಸ್ತೀನಿ.”

“ಕೊಟ್ರೆ ಅತ್ತದೆ. ನಾಳೆ ಆ ತಂತಿ ತೆಗೀತೀಯಾ?”

“ತೆಗೀತೀನಿ.”

“ಯಾರೂ ತೆಗ್ದಿಲ್ಲ ಕಣ್ಲಾ. ಬಾಗ್ಲು ಪಕ್ಕದ ಆ ಕೆಂಪು ಲಿವರ್ ಇರೋದು ಮನುಸ ಇಳಿಯುವಾಗ ಗಾಡಿ ಅಲ್ಲಾಡ್ದಂಗೆ ಮಲಗ್ಲಿ ಅಂತ. ನೇರ ತಂತಿ ಕೊಟ್ರೆ ಗಾಡಿ ಮಲಗಾಕಿಲ್ಲ. ಇಳಿಯೋನ ಅಂಗಿ ತೋಳು ಲಿವರಿಗೆ ತಗುಲ್ತು ಅಂದ್ರೆ ಬಕೀಟು ತಿರುಗ್ತದೆ. ಅಂಗೇ ತಿರುಗ್ದಾಗ ಕೆಳಗೆ ನಮ್ಮಣ್ಣ ನಿಂತಿದ್ದ.”

ನನ್ನ ಕಡೆ ತಿರುಗಿದ. “ಗಾಡಿ ನಿಮ್ದು. ಏನವ್ವ?”

ಬಿಸಿಲು ಇಳಿಯುತ್ತಿತ್ತು. ನನಗೂ ಆ ತಂತಿಯೇ ಬೇಕಿತ್ತು. ಸ್ವಾಮಿಯ ಮುಖ ನೋಡಿದೆ. ನಾಳೆ ಇಳಿಯುವವನು ಅವನು.

“ಹೋಗು, ನೋಡು” ಅಂದೆ.

ಮಾದೇಶ ಕೆಸರು ನೋಡಿದ, ಶರ್ಟು ನೋಡಿಕೊಂಡ. ಆಮೇಲೆ ಅಂಗಾತ ಮಲಗಿ ಎಮ್ಮೆ ಹಾಗೆ ಒಳಗೆ ಜಾರಿದ. ಅಡಿಯಿಂದ, ಆ ಲಿವರ್ ಹಾಕು, ಈ ತಂತಿ ಅಲ್ಲಾಡಿಸು ಅಂತ ಕೂಗುತ್ತಿದ್ದ. ಸ್ವಾಮಿ ಮ್ಯಾಟಿನಡಿ ಕೈ ತೂರಿಸಿ ತಂತಿಯ ಕಟ್ಟು ಅಲ್ಲಾಡಿಸಿದಾಗ, “ಬಂತು. ಓಯ್ತು. ಬಂತು” ಅಂದ. ಸಾಯುತ್ತಿರುವವನ ನಾಡಿ ಹಿಡಿದು ಕೂತವನ ಹಾಗೆ ಕೇಳಿಸಿತು ನನಗೆ.

ಹೊರಗೆ ಬಂದಾಗ ಶರ್ಟಿನಲ್ಲಿ ಬಿಳಿ ಅಂತ ಉಳಿದದ್ದು ಕಾಲರ್ ಮಾತ್ರ. ಪೆಟ್ಟಿಗೆಗೆ ಸೇರುವ ತಂತಿಯ ಮೂತಿ ಕಳಚಿ ನನಗೆ ತೋರಿಸಿದ. ಸೂಜಿಯಂಥ ಹಿತ್ತಾಳೆ ಕಡ್ಡಿಗಳು, ಎರಡಕ್ಕೆ ಪಾಚಿಯಂತೆ ಹಸಿರು ಕಿಲುಬು, ನಡುವೆ ಇರುವೆಗಳು. ಅಷ್ಟು ದೊಡ್ಡ ಗಾಡಿಯನ್ನು ನೆಲಕ್ಕೆ ಕೂರಿಸಿದ್ದು ಅದು. ನಾನು ಉಗುರಿನಲ್ಲಿ ಮುಟ್ಟಿ ನೋಡಿದೆ. ಅದನ್ನು ತಿಕ್ಕಿ, ಒಣಗಿಸಿ, ಕೂರಿಸಿದ. ಸ್ವಾಮಿ ಲಿವರ್ ಎಳೆದ. ಕೈ ಎದ್ದಿತು. ಚೈನು ಕೆಸರು ಕಿತ್ತುಕೊಂಡು ಏರಿ ಹತ್ತಿತು.

“ಅಮಾಸೆಗೆ ಕಾಯಿ ಒಡೀರಿ, ಬ್ಯಾಡ ಅನ್ನಕಿಲ್ಲ. ಚೈನಿನ ಮುಂದೆ ನೆಲ್ಕೆ ಒಡೀರಿ. ದೇವ್ರು ಅಲ್ಲೂ ಅವ್ನೆ” ಅಂದ. ಸ್ವಾಮಿಯ ಹಳೆ ಅಂಗಿ ಹಾಕಿಕೊಂಡು, ಅದಕ್ಕೂ ಕನ್ನಡಿ ನೋಡಿಕೊಂಡು ಹೋದ. ತನ್ನ ಶರ್ಟು ತೊಳೆದಿಡಲು ನನಗೆ ಕೊಟ್ಟ.

ಆಮೇಲೆ ಎಷ್ಟೋ ಸಲ ಬಂದ. ನಿಡಘಟ್ಟದ ಹತ್ತಿರ ಒಬ್ಬರ ಗಾಡಿ ದಿನಾ ಮಧ್ಯಾಹ್ನವಾದರೆ ಸೊರಗುತ್ತಿತ್ತು. ನಾನು ಹೇಳಿ ಕಳಿಸಿದ್ದಕ್ಕೆ ಇವನು ಬೆಳಗ್ಗೆಯೇ ಹೋಗಿ, ನಮ್ಮ ಮನೆಯಿಂದ ಕಟ್ಟಿಕೊಟ್ಟ ಮುದ್ದೆ ಉಂಡು, ಹುಣಸೆ ಮರದಡಿ ಮಲಗಿಬಿಟ್ಟ. ಗಾಡಿಯವರು ನನ್ನನ್ನು ಬೈದರು. ಬಿಸಿಲೇರಿ ಇಂಜಿನ್ನು ಸೊರಗಿದಾಗ ಎದ್ದು ಹೋಗಿ, ಹೆಬ್ಬೆರಳಷ್ಟು ಒಂದು ಸಾಮಾನಿನ ಮೇಲೆ ಒದ್ದೆ ಬಟ್ಟೆ ಇಟ್ಟ. ಇಂಜಿನ್ನು ಮೈ ಕೊಡವಿಕೊಂಡು ಎದ್ದಿತು. “ಇದ್ರೊಳಗಿನ ತಂತಿ ಕಾದ್ರೆ ಬಾಯಿ ಬುಡ್ತದೆ, ತಣ್ಣಗಾದ್ರೆ ಮುಚ್ಕೊತದೆ. ಕಳ್ಳ ಬರೋ ಒತ್ಗೆ ನಾನು ಕಾಯ್ದೆ, ಅಷ್ಟೆ” ಅಂದ.

ಹೋದ ವರ್ಷ ಮಂಡ್ಯದ ಆಸ್ಪತ್ರೆಯಲ್ಲಿ ಮಲಗಿದ್ದಾನೆ ಅಂತ ಕೇಳಿ ಹೋದೆ. ಸಕ್ಕರೆ ಕಾಯಿಲೆ, ಕಾಲು ಕಪ್ಪಾಗಿತ್ತು. “ನಮ್ಮನೆ ಬಚ್ಚಲಲ್ಲೂ ನಾನು ಉಚ್ಚೆ ಉಯ್ದ ತಾವಕ್ಕೆ ಇರುವೆ ಬತ್ತಿದ್ವು ಕಣವ್ವ. ನೋಡ್ದೆ. ನೋಡಿ ಸುಮ್ಕಾದೆ” ಅಂದ. ಬೈಯಬೇಕು ಅನ್ನಿಸಿತು. ಬೈದೆ ಕೂಡ. ನಕ್ಕ. ಆ ವಾರವೇ ಹೋದ. ಮಣ್ಣಿಗೆ ಹೋದಾಗ ನೋಡಿದೆ, ಬಿಳಿ ಶರ್ಟೇ ಹಾಕಿದ್ದರು. ಹೂಳುವ ಗುಂಡಿ ತೋಡಿದ್ದು ಸ್ವಾಮಿ, ನಮ್ಮ ಗಾಡಿಯಲ್ಲಿ. ಗಾಡಿ ಒಂದು ಸಲವೂ ತಡವರಿಸಲಿಲ್ಲ.

ಏಳು ವರ್ಷದ ಹಿಂದೆ, ಗಾಡಿ ಏರಿ ಹತ್ತಿದ ಮಾರನೆಯ ಬೆಳಗ್ಗೆ ನಾನು ನಾಲೆಯ ಹತ್ತಿರ ಹೋದೆ. ನೀರು ಬಂದಿತ್ತು. ಗಾಡಿ ನಿಂತಿದ್ದ ಜಾಗದ ಮೇಲೆ ಎದೆಮಟ್ಟ ಹರಿಯುತ್ತಿತ್ತು. ಸೋಪಾನಕಲ್ಲಿನ ಮೇಲೆ ಕೂತು ಅವನ ಶರ್ಟಿಗೆ ಸೋಪು ಹಚ್ಚಿ, ಕಲ್ಲಿಗೆ ಬಡಿದು, ಕೆಸರೆಲ್ಲ ಹೋಗುವವರೆಗೆ ತೊಳೆದೆ.