ಹೊಳೆಯಬಾರದ ದಾರ

ಪ್ಲಿಮತ್‌ನಲ್ಲಿ ಕಾರಿನ ಸೀಟಿನ ಬಟ್ಟೆ, ಹೊಲಿಗೆ ಟೆಸ್ಟ್ ಮಾಡೋದು ನನ್ನ ಕೆಲಸ. ಅದೇ ತಪ್ಪಾಯ್ತು. ನನಗೆ ದಾರ ಗೊತ್ತು ಅಂತ ಆಫೀಸಿನ ಹಿರಿಯ ಡೇವ್ ಒಂದು ಮಧ್ಯಾಹ್ನ ಹ್ಯಾಂಗರ್ ಸಮೇತ ಹಳೇ ಜರ್ಮನ್ ಮಿಲಿಟರಿ ಕೋಟು ಹಿಡ್ಕೊಂಡು ನಮ್ಮ ಲ್ಯಾಬಿಗೆ ಬಂದರು. ಎರಡನೇ ಮಹಾಯುದ್ಧದಲ್ಲಿ ಸೆರೆ ಸಿಕ್ಕ ಸೈನಿಕನಿಂದ ಅವರಪ್ಪ ತಂದಿದ್ದಂತೆ. ಮನೆಮಂದಿಯೆಲ್ಲ ಆ ಕಥೆ ಕೇಳ್ಕೊಂಡೇ ಬೆಳೆದವರು.

ಎದೆಯ ಮೇಲೆ ಕಸೂತಿಯ ಹದ್ದು, ಅದರ ಕಾಲಲ್ಲಿ ನಾಜಿಗಳ ಆ ಸ್ವಸ್ತಿಕ. ನಾನು ಮೊದಲು ಬಾಗಿಲು ಹಾಕಿದೆ.

"ಅಸಲಿ ತಾನೇ?" ಅಂದರು.

ಲೈಟ್ ಆರಿಸಿ ಅತಿನೇರಳೆ ಬೆಳಕಿನ ಯುವಿ ಟಾರ್ಚ್ ಬಿಟ್ಟೆ. ಆ ಕಾಲದ ದಾರ ಈ ಬೆಳಕಲ್ಲಿ ಮಂಕಾಗೇ ಇರುತ್ತೆ, ಆಮೇಲೆ ಬಂದ ದಾರಕ್ಕೆ ಮಿಲ್ಲಲ್ಲೇ ಬಿಳುಪಿನ ಕೆಮಿಕಲ್ ಹಾಕಿರ್ತಾರೆ, ಅದು ಹೊಳೆಯುತ್ತೆ. ಕೋಟು ಕತ್ತಲಲ್ಲಿ ಕರಗಿಹೋಯ್ತು. ಹದ್ದು ಮಾತ್ರ ನೀಲಿಯಾಗಿ ಎದ್ದು ನಿಂತಿತು.

"ಹೀಗೆ ಹೊಳೀಬೇಕಾ?"

"ಹೊಳೀಬಾರದು."

"ಅಂದ್ರೆ, ನಮ್ಮಪ್ಪ ಸುಳ್ಳು ಹೇಳಿದ್ರಾ?"

ಅವರ ಮುಖ ಕಾಣ್ತಿರಲಿಲ್ಲ, ಉಸಿರು ಮಾತ್ರ ಕೇಳಿಸ್ತಿತ್ತು. ನಾನು ತಡವರಿಸಿದೆ. "ಯಾರಾದ್ರೂ ಸೋಪು ಹಾಕಿ ಒಗೆದಿದ್ರೂ ಹೊಳೆಯುತ್ತೆ."

"ಹದ್ದನ್ನ ಮಾತ್ರ ಒಗೆದ್ರಾ?"

ಲೈಟ್ ಹಾಕಿದೆ. ಅವರು ನನ್ನ ಮುಖ ಕೂಡ ನೋಡದೆ ಕೋಟು ಎತ್ಕೊಂಡು ಹೋದರು.

ಸಂಜೆ ನೋಡಿದರೆ ಟಾರ್ಚ್ ನನ್ನ ಜೇಬಲ್ಲೇ ಮನೆಗೆ ಬಂದಿತ್ತು. ನನ್ನ ಮೈಮೇಲಿನ ಜನಿವಾರ, ಕೈಯಲ್ಲೇ ನೂತ ಶುದ್ಧ ಹತ್ತಿ ಅಂತ ಅಪ್ಪ ಮೈಸೂರಿಂದ ತಂದುಕೊಟ್ಟಿದ್ದು. ಸ್ನಾನಕ್ಕೆ ಹೋದಾಗ ಬಾತ್‌ರೂಮಿನ ಲೈಟ್ ಆರಿಸಿ ಅದರ ಮೇಲೂ ಟಾರ್ಚ್ ಬಿಟ್ಟೆ. ಹದ್ದಿಗಿಂತ ಚೆನ್ನಾಗಿ ಹೊಳೀತು.

ಸೋಪಿರಬೇಕು.