ಬುರ್ಹಾನ್ ಮಿಯಾನ ಚಪ್ಪಾಳೆ

ಗೋಲ್ಕೊಂಡದ ಸುಲ್ತಾನರು ಹೋದರು, ವಜ್ರಗಳು ಹೋದವು, ಉಳಿದದ್ದು ಬಾವಲಿಗಳು ಮತ್ತು ಬುರ್ಹಾನ್ ಮಿಯಾನ ಕೈಗಳು ಮಾತ್ರ. ಹೀಗೆಂದು ಹೇಳಿಕೊಂಡು ತಿರುಗುತ್ತಿದ್ದವನು ಬುರ್ಹಾನ್ ಮಿಯಾನೇ. ಬಾವಲಿಗಳ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ.

ಅವನ ಕಸುಬು ಚಪ್ಪಾಳೆ ತಟ್ಟುವುದು. ಕೋಟೆಯ ಕೆಳಬಾಗಿಲಿನ ಕಮಾನಿನಡಿ ನಿಂತು ತಟ್ಟಿದ ಚಪ್ಪಾಳೆ ಬೆಟ್ಟದ ನೆತ್ತಿಯ ಬಾರಾದರಿ ಮಂಟಪದಲ್ಲಿ ಕೇಳಿಸುತ್ತದೆ. ಶತ್ರು ಬಂದ ಸುದ್ದಿ ಸುಲ್ತಾನನಿಗೆ ಮುಟ್ಟಲಿ ಎಂದು ಹಾಗೆ ಕಟ್ಟಿದರಂತೆ. ಈಗಿನ ಶತ್ರುಗಳು ಟಿಕೆಟ್ಟು ತೆಗೆದುಕೊಂಡು ಚಿಪ್ಸ್ ತಿನ್ನುತ್ತ ಬರುವುದರಿಂದ ಆ ವ್ಯವಸ್ಥೆ ಬುರ್ಹಾನ್ ಮಿಯಾನ ಹೊಟ್ಟೆಪಾಡಿಗೆ ಒದಗಿತ್ತು. ಹೆಂಡತಿ ರಾಬಿಯಾಳ ತಮ್ಮ ಜಹೂರ್ ಅಲ್ಲಿ ಗೈಡು. ಅವನು ಪ್ರವಾಸಿಗಳನ್ನು ಮೇಲಕ್ಕೆ ಹತ್ತಿಸಿ, ಸುಲ್ತಾನರ ಲೆಕ್ಕದಲ್ಲಿ ನಾಲ್ಕು ಸುಳ್ಳು ಹೇಳಿ, ಮಂಟಪದ ಅಂಚಿನಿಂದ ಕೆಂಪು ಕರವಸ್ತ್ರ ಬೀಸುವನು. ಕೆಳಗೆ ಬುರ್ಹಾನ್ ಮಿಯಾ ತಟ್ಟುವನು. ಮೇಲಿನವರು 'ವ್ಹಾ' ಎನ್ನುವರು. ಆ 'ವ್ಹಾ' ಮಾತ್ರ ಕೆಳಗಿಳಿಯುತ್ತಿರಲಿಲ್ಲ. ಕಟ್ಟಿದವರಿಗೆ ಸುಲ್ತಾನನ ಕಿವಿಯ ಚಿಂತೆ ಇತ್ತೇ ಹೊರತು ಬಾಗಿಲಲ್ಲಿ ನಿಂತವನ ಕಿವಿಯದ್ದಲ್ಲ.

ಇಂಥ ಕೈಗಳನ್ನು ಜೋಪಾನ ಮಾಡಬೇಡವೇ? ಬೆಳಿಗ್ಗೆ ಕೊಬ್ಬರಿ ಎಣ್ಣೆ, ಸಂಜೆ ಬಿಸಿನೀರು. ಮದುವೆಯಾದಂದಿನಿಂದ ಆ ಕೈಗಳು ಒಂದು ಪಾತ್ರೆ ತೊಳೆದದ್ದಿಲ್ಲ, ಗ್ಯಾಸ್ ಸಿಲಿಂಡರು ಮುಟ್ಟಿದ್ದಿಲ್ಲ. ಈರುಳ್ಳಿ ಹೆಚ್ಚಿದರೆ ಅಂಗೈಯ ನಾದ ಕೆಡುತ್ತದೆ ಎಂಬುದು ಅವನ ಸ್ವಂತ ಸಂಶೋಧನೆ.

"ಒಂದು ಕೈಯಲ್ಲಿ ಚಪ್ಪಾಳೆ ಆಗಲ್ಲ ಅಂತಾರೆ," ಎಂದು ರಾಬಿಯಾ ಸಿಲಿಂಡರನ್ನು ಉರುಳಿಸುತ್ತ ಹೇಳುವಳು. "ನಿಮ್ಮ ಎರಡು ಕೈಯಲ್ಲಿ ಅದೊಂದು ಬಿಟ್ರೆ ಇನ್ನೇನೂ ಆಗಲ್ಲ."

"ನಿನಗೇನೇ ಗೊತ್ತು? ಇದು ಅಲ್ಲಾಹ್ ಕೊಟ್ಟ ಕೈ."

"ನನ್ನ ಕೈಯೇನು ಪಕ್ಕದ್ಮನೆಯವ್ರು ಕೊಟ್ಟಿದ್ದಾ?"

ಈ ಪ್ರಶ್ನೆಗೆ ಉತ್ತರ ಕೊಡುವುದು ಕಲಾವಿದನ ಘನತೆಗೆ ತಕ್ಕದ್ದಲ್ಲವೆಂದು ಅವನು ಎದ್ದು ಹೋಗುವನು.

ಗಡ್ಡ ಬೆಳ್ಳಗಾಗುತ್ತಿದ್ದಂತೆ ಬುರ್ಹಾನ್ ಮಿಯಾನಿಗೆ ಒಂದು ಆಸೆ ಹತ್ತಿಕೊಂಡಿತು. ಮೇಲೆ, ಆ ಮಂಟಪದಲ್ಲಿ, ಒಂದೇ ಒಂದು ಸಲ ತನ್ನ ಹೆಸರನ್ನು ಯಾರಾದರೂ ಹೇಳಬೇಕು. ಒಂದು ಸಂಜೆ ಇರಾನಿ ಹೋಟೆಲಿನಲ್ಲಿ ಜಹೂರನ ಎದುರು ಬಾಯಿ ಬಿಟ್ಟ.

"ಚಪ್ಪಾಳೆ ಆದ್ಮೇಲೆ, ಇದು ಬುರ್ಹಾನ್ ಮಿಯಾ ತಟ್ಟಿದ್ದು ಅಂತ ಒಂದು ಮಾತು ಹೇಳೋಕೆ ನಿನ್ನ ಗಂಟೇನು ಹೋಗುತ್ತೋ?"

ಜಹೂರ್ ಚಹಾದಲ್ಲಿ ಬಿಸ್ಕತ್ತು ಅದ್ದುತ್ತ ಭಾವನನ್ನು ನೋಡಿ ನಕ್ಕ. "ಏನಂತ ಹೇಳ್ಲಿ ದೂಲ್ಹಾಭಾಯಿ? ಕೆಳಗೆ ನಮ್ಮಕ್ಕನ ಗಂಡ ನಿಂತಿದಾರೆ, ಮಂಡಿನೋವು, ಪಾಪ ಅಂತಾನಾ? ಜನ ಸುಲ್ತಾನರ ಕಾಲದ ಚಪ್ಪಾಳೆ ಅಂತ ಪುಳಕ ಆಗ್ತಿರ್ತಾರೆ."

"ನಾನಿಲ್ದಿದ್ರೆ ನಿನ್ನ ಸುಲ್ತಾನ ಮೂಗ ಕಣೋ!"

"ಹೌದೌದು. ಅಜ್ಜಿ ಕೋಳಿ ಕೂಗ್ದಿದ್ರೆ ಬೆಳಗೇ ಆಗಲ್ಲ."

ಆ ನಗು ಬುರ್ಹಾನ್ ಮಿಯಾನ ಎದೆಗೆ ಚುಚ್ಚಿತು. ಸಿಟ್ಟಿಗಿಂತ ಅವಮಾನವೇ ದೊಡ್ಡದಾಗಿತ್ತು. ಕೋಳಿ ಕೂಗದಿದ್ದರೆ ಏನಾಗುತ್ತದೆಂದು ತೋರಿಸಿಯೇ ಬಿಡುವುದೆಂದು ನಿಶ್ಚಯಿಸಿದ.

ಅದಕ್ಕೆ ದಿನವೂ ಕೂಡಿಬಂತು. ನಗರದಲ್ಲಿ ಯಾವುದೋ ದೊಡ್ಡ ಸಭೆಗೆ ಬಂದ ಅತಿಥಿಗಳು ಕೋಟೆ ನೋಡಲು ಹೊರಟರು. ಪೊಲೀಸರು ಬಲೂನು ಮಾರುವವರನ್ನೂ, ಸಾಮಾನ್ಯ ಪ್ರವಾಸಿಗಳನ್ನೂ, ತಮಾಷೆಗೆ ಪುಕ್ಕಟೆ ಚಪ್ಪಾಳೆ ತಟ್ಟುವವರನ್ನೂ ಬಾಗಿಲಿನಿಂದ ಅಟ್ಟಿದರು. ಕಮಾನಿನಡಿ ಉಳಿದವನು ಬುರ್ಹಾನ್ ಮಿಯಾ ಒಬ್ಬನೇ. ಪೊಲೀಸರ ಕೈಯಲ್ಲಿ ಬಂದೂಕಿದ್ದುದರಿಂದ ಅವರು ಚಪ್ಪಾಳೆ ತಟ್ಟುವ ಭಯವಿರಲಿಲ್ಲ. ಜಹೂರ್ ಅತಿಥಿಗಳನ್ನು ಕರೆದುಕೊಂಡು ಮೇಲೆ ಹೋದ ಸ್ವಲ್ಪ ಹೊತ್ತಿಗೆ, "ನನಗೂ ಮೇಲಿಂದ ಕರೆ ಬಂದಿದೆ," ಎಂದು ಪೊಲೀಸರಿಗೆ ಹೇಳಿ ಬುರ್ಹಾನ್ ಮಿಯಾನೂ ಹಿಂದೆಯೇ ಹತ್ತಿದ. ಮೈದುನನ ಮುಖ ಬಾಡುವುದನ್ನು ಕಣ್ಣಾರೆ ಕಾಣದೆ ಅವನ ಜೀವಕ್ಕೆ ಸಮಾಧಾನವಿರಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಹತ್ತುತ್ತಿದ್ದ. ಶಸ್ತ್ರಾಗಾರಕ್ಕೆ ಬೀಗ, ಬೀಗಕ್ಕೆ ತುಕ್ಕು. ಕೆಳಗೆ ರಾಣಿಮಹಲಿನ ಕಾರಂಜಿಯಲ್ಲಿ ನೀರಿನ ಬದಲು ಒಣ ಎಲೆ. ಧಾನ್ಯದ ಉಗ್ರಾಣದ ಗೋಡೆಯ ತುಂಬ ಪ್ರೇಮಿಗಳು ಮೊಳೆಯಿಂದ ಗೀಚಿದ ಹೆಸರುಗಳು. ಕಂಡಕಂಡ ಪುಟಗೋಸಿಗಳ ಹೆಸರೆಲ್ಲ ಈ ಕೋಟೆಯಲ್ಲಿ ಶಾಶ್ವತವಾಗಿದ್ದವು, ಅವನದೊಂದು ಬಿಟ್ಟು. ಅದನ್ನು ನೋಡಿ ಮಂಡಿನೋವು ಮರೆತು ಬೇಗ ಬೇಗ ಹೆಜ್ಜೆ ಹಾಕಿದ.

ಮಂಟಪದಲ್ಲಿ ಅತಿಥಿಗಳ ಹಿಂದೆ ಕಂಬಕ್ಕೆ ಒರಗಿ ನಿಂತ. ಇಸ್ತ್ರಿ ಮಾಡಿದ ಶೇರ್ವಾನಿಯಲ್ಲಿ ಜಹೂರ್ ಕೈಯೆತ್ತಿದ. "ಎಲ್ಲರೂ ಉಸಿರು ಬಿಗಿಹಿಡೀರಿ. ಸುಲ್ತಾನರ ಕಾಲದ ಚಪ್ಪಾಳೆ ಈಗ ನಿಮ್ಮ ಕಿವಿಗೇ ಬರುತ್ತೆ!"

ಕರವಸ್ತ್ರ ಬೀಸಿದ. ಏನೂ ಇಲ್ಲ. ಮತ್ತೊಮ್ಮೆ ಬೀಸಿದ. ಗಾಳಿಯೂ ನಿಂತಂತಿತ್ತು. ಜಹೂರನ ಹಣೆಯಲ್ಲಿ ಬೆವರೊಡೆಯಿತು. ಬುರ್ಹಾನ್ ಮಿಯಾನ ಎದೆ ಪೂರಿಯ ಹಾಗೆ ಉಬ್ಬಿತು.

"ಕೇಳಿಸ್ತು!" ಎಂದರು ದಪ್ಪ ಕನ್ನಡಕದ ಒಬ್ಬ ಅತಿಥಿ.

"ನನಗೆ ಎರಡು ಸಲ ಕೇಳಿಸ್ತು," ಎಂದರು ಪಕ್ಕದ ಮಹಿಳೆ. "ಮೈ ಜುಮ್ ಅಂತು ನೋಡಿ."

"ಎರಡನೇದು ಸ್ವಲ್ಪ ಮೆತ್ತಗಿತ್ತು," ಎಂದು ಜೊತೆಗೆ ಬಂದ ಅಧಿಕಾರಿ ತಲೆದೂಗಿದರು.

ಮೆತ್ತಗಂತೆ! ಬುರ್ಹಾನ್ ಮಿಯಾ ಜನ್ಮದಲ್ಲಿ ಮೆತ್ತಗಿನ ಚಪ್ಪಾಳೆ ತಟ್ಟಿದವನಲ್ಲ. ಸುಳ್ಳು ಎಂದು ಕೂಗಲು ಬಾಯಿ ತೆರೆದವನಿಗೆ ಒಂದು ಪ್ರಶ್ನೆ ಎದುರಾಯಿತು. ಇಷ್ಟು ವರ್ಷ ಇವರಂಥವರು ಕೇಳಿದ್ದು ತನ್ನ ಅಂಗೈಯ ಸದ್ದನ್ನೋ, ಜಹೂರನ ಕರವಸ್ತ್ರವನ್ನೋ?

ಆಗ ಜಹೂರ್ ಅವನನ್ನು ಕಂಡ. ಮುಖ ಸುಣ್ಣವಾಯಿತು. ಇವನ ಒಂದು ಮಾತಿಗೆ ಅವನ ಗೈಡುಗಾರಿಕೆ ಮಣ್ಣುಪಾಲಾಗುತ್ತಿತ್ತು.

"ದೂಲ್ಹಾಭಾಯಿ," ಎಂದ ಜಹೂರ್. "ನಿಮಗೂ... ಕೇಳಿಸ್ತಲ್ವಾ?"

ಎಲ್ಲರೂ ತಿರುಗಿ ನೋಡಿದರು. ಜಹೂರ್ ಕೆಂಪು ಕರವಸ್ತ್ರದಿಂದ ಹಣೆ ಒರೆಸಿಕೊಂಡ. ಎಷ್ಟಾದರೂ ರಾಬಿಯಾ ಎತ್ತಿ ಆಡಿಸಿದ ತಮ್ಮ.

"ಕೇಳಿಸ್ತು," ಎಂದ ಬುರ್ಹಾನ್ ಮಿಯಾ. "ಚೆನ್ನಾಗೇ ಕೇಳಿಸ್ತು."

ಹೋದ ಜೀವ ಬಂದಂತಾಗಿ ಜಹೂರ್ ಗಂಟಲು ಸರಿಮಾಡಿಕೊಂಡ. "ಸಾಹೇಬ್ರೇ, ಕೆಳಗೆ ಅದನ್ನ ತಟ್ಟಿದ್ದು ಬುರ್ಹಾನ್ ಮಿಯಾ ಅಂತ. ಗೋಲ್ಕೊಂಡದಲ್ಲಿ ಅಂಥ ಕೈ ಇನ್ನೊಂದಿಲ್ಲ!"

"ಭೇಷ್!" ಎಂದರು ಕನ್ನಡಕದವರು. ಅತಿಥಿಗಳೆಲ್ಲ ಮಂಟಪದ ಅಂಚಿಗೆ ಹೋಗಿ, ದೂರದ ಖಾಲಿ ಬಾಗಿಲಿನ ಕಡೆ ಮುಖ ಮಾಡಿ, ಜೋರಾಗಿ ಚಪ್ಪಾಳೆ ತಟ್ಟಿದರು. ಬುರ್ಹಾನ್ ಮಿಯಾನಿಗೆ ಕಂಡದ್ದು ಅವರ ಬೆನ್ನು.

ಸಂಜೆ ಮನೆಗೆ ಬಂದವನು ಎಣ್ಣೆ ಬಾಟಲಿಯ ಕಡೆ ನೋಡಲಿಲ್ಲ. ನಲ್ಲಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಖಟ್ಟಿ ದಾಲ್ ತಳಹಿಡಿದ ಪಾತ್ರೆಯನ್ನು ಎಳೆದುಕೊಂಡು ತಿಕ್ಕತೊಡಗಿದ.

"ಯಾ ಅಲ್ಲಾಹ್!" ರಾಬಿಯಾ ಬಾಗಿಲಲ್ಲೇ ನಿಂತಳು. "ಕೈ! ನಿಮ್ಮ ಕೈ ಹಾಳಾಗಲ್ವಾ?"

"ಏನೂ ಆಗಲ್ಲ ಬಿಡು."

ಅವಳು ಹತ್ತಿರ ಬಂದಳು. ಬಗ್ಗಿ ಅವನ ಮುಖ ನೋಡಿದಳು. ಅವನು ಪಾತ್ರೆಯನ್ನು ತೊಳೆದು ಬೋರಲು ಹಾಕಿದ.

"ಈರುಳ್ಳಿ ಎಲ್ಲಿಟ್ಟಿದೀಯೆ?" ಎಂದು ಕೇಳಿದ.