ದೇವಿಪ್ರಸಾದನ ಬಂದೂಕು

ಕಳೆದ ವಾರ ನನ್ನ ಹೆಂಡತಿ ಗರಾಜಿನಲ್ಲಿ ಹಳೆಯ ಊಟದ ಮೇಜಿಗೆ ಅಗಸೆ ಎಣ್ಣೆ ತಿಕ್ಕುತ್ತಿದ್ದಳು. ನಾನು ಕಾಫಿ ಲೋಟ ಹಿಡಿದು, ಎಲ್ಲಿ ಎಷ್ಟು ತಿಕ್ಕಬೇಕೆಂದು ಹೇಳಿಕೊಡುತ್ತಿದ್ದೆ. ಆ ವಾಸನೆಗೆ ಅಮೆರಿಕದ ಐಸೆಲಿನ್ ಊರಿನ ದೇಸಾಯರ ಮನೆ ನೆನಪಾಯಿತು. ಅವರ ಬೇಸ್‌ಮೆಂಟಿನ ಬಂದೂಕುಗಳ ಹಿಡಿಮರಕ್ಕೂ ಇದೇ ಎಣ್ಣೆ.

ಎರಡು ಸಾವಿರದ ಇಸವಿ ಬಂದರೆ ಕಂಪ್ಯೂಟರುಗಳೆಲ್ಲ ಕೆಟ್ಟು ಲೋಕವೇ ನಿಂತುಹೋಗುತ್ತದೆಂದು ಹೆದರಿ, ಅಮೆರಿಕ ನಮ್ಮಂಥವರನ್ನೂ ಕರೆಸಿಕೊಂಡಿದ್ದ ಕಾಲ ಅದು. ಲೋಕ ಉಳಿಸಲು ಬಂದವರಿಗೆ ಶನಿವಾರ ಮಾಡಲು ಏನೂ ಇರಲಿಲ್ಲ. ಕೆಲವರು ಕಾರು ತೊಳೆಯುತ್ತಿದ್ದರು. ಧಾರವಾಡದ ದೇಸಾಯರು ಹಳೆಯ ಮಿಲಿಟರಿ ಬಂದೂಕು ಕೂಡಿಡುತ್ತಿದ್ದರು. ವೀಸಾದ ಮೇಲಿದ್ದವರು ಗುಂಡು ಹಾರುವ ಬಂದೂಕು ಇಟ್ಟುಕೊಳ್ಳುವಂತಿರಲಿಲ್ಲ. ಆದ್ದರಿಂದ ಹಾರದವನ್ನೇ ಆಯುತ್ತಿದ್ದರು. ಅವೆಲ್ಲ ಯುದ್ಧದಲ್ಲಿ ಕೆಟ್ಟವು ಎಂಬುದು ಅವರ ದೃಢವಾದ ನಂಬಿಕೆ. ಹೆಂಡತಿ ಸುಮಿತ್ರಾ ಅವನ್ನು ಮುಟ್ಟುವಂತಿರಲಿಲ್ಲ. ಅಪಾಯವಂತೆ.

ನಾನು ಅವರ ತಜ್ಞ. ನನ್ನ ಅರ್ಹತೆಯೆಂದರೆ ಲೈಬ್ರರಿಯಿಂದ ತಂದ ಒಂದು ಚಿತ್ರದ ಪುಸ್ತಕ, ಜೊತೆಗೆ ಗೊತ್ತಿಲ್ಲ ಎನ್ನಲು ಬಾರದ ನಾಲಿಗೆ. ಈ ಎರಡನೆಯದರಿಂದಲೇ ನನಗೆ ಕನ್ಸಲ್ಟೆಂಟ್ ಕೆಲಸವೂ ಸಿಕ್ಕಿತ್ತೆಂದು ನಿಮ್ಮ ಹತ್ತಿರ ಒಪ್ಪಿಕೊಳ್ಳಲು ಈಗ ಅಡ್ಡಿಯಿಲ್ಲ.

ಒಮ್ಮೆ ದೇಸಾಯರು ಹಳೆ ಸಾಮಾನು ಮಾರುವ ಫ್ಲೀ ಮಾರ್ಕೆಟ್ಟಿನಿಂದ ಒಂದು ಬಂದೂಕು ತಂದರು. ಹಿಡಿಮರದ ಮೇಲೆ ಇಂಗ್ಲಿಷಿನಲ್ಲಿ ಡಿ.ಪಿ. ಎಂಬ ಅಚ್ಚು, ನಳಿಗೆಯ ಬುಡದಲ್ಲಿ ದುಂಡನೆಯ ತೂತು.

"ಡಿ.ಪಿ. ಅಂದ್ರ ಏನ್ರೀ?" ಎಂದು ಕೇಳಿದರು.

"ಸಿಪಾಯಿ ಹೆಸರಿರಬೇಕು ಸಾರ್. ದೇವಿಪ್ರಸಾದ್ ಅಂತೇನೋ."

"ಈ ತೂತು?"

"ಶತ್ರು ಗುಂಡು."

ಶತ್ರು ಅಷ್ಟು ಅಚ್ಚುಕಟ್ಟಾಗಿ ಹೇಗೆ ಹೊಡೆದನೆಂದು ಇಬ್ಬರಿಗೂ ಹೊಳೆಯಲಿಲ್ಲ. ತಿಂಗಳೊಳಗೆ ದೇಸಾಯರ ಬಾಯಲ್ಲಿ ದೇವಿಪ್ರಸಾದನಿಗೆ ಬರ್ಮಾದ ಕಾಡು ಬಂತು, ಕೊನೆಯ ಮಾತು ಬಂತು, ಎಳೆ ವಯಸ್ಸಿನ ವಿಧವೆಯೂ ಬಂದಳು.

ಯುಗಾದಿ ಊಟಕ್ಕೆ ಇಪ್ಪತ್ತು ಜನ ಸೇರಿದ್ದೆವು. ದೇಸಾಯರು ಕಥೆ ಮುಗಿಸಿ, "ಒಂದು ನಿಮಿಷ ಮೌನ ಆಚರಿಸೋಣ್ರಿ" ಎಂದರು. ಹೋಳಿಗೆ ತಟ್ಟೆ ಹಿಡಿದುಕೊಂಡೇ ಎದ್ದು ನಿಂತೆವು. ಸದ್ದು ನಿಂತದ್ದಕ್ಕೆ ಗಾಬರಿಯಾಗಿ ಸುಮಿತ್ರಾ ಅಡುಗೆಮನೆಯಿಂದ ಬಂದರು.

"ಯಾರು ಹೋದ್ರು?"

ದೇಸಾಯರು ಬಂದೂಕು ತೋರಿಸಿದರು. ಆಕೆ ಕೈ ಒರೆಸಿಕೊಂಡು ಅದನ್ನು ಎತ್ತಿಕೊಂಡರು. ಗಂಡ ಬೇಡವೆನ್ನುವಷ್ಟರಲ್ಲಿ ಬೋಲ್ಟ್ ಎಳೆದು ಒಳಗೆ ನೋಡಿದರು.

"ಡಿ.ಪಿ. ಅಂದ್ರ ಡ್ರಿಲ್ ಪರ್ಪಸ್ ರೀ. ಕವಾಯತಿಂದು. ಗುಂಡು ಹಾರಬಾರ್ದಂತ ಮಿಲಿಟರಿಯವರೇ ತೂತು ಕೊರದಿರ್ತಾರ."

"ನಿನಗ ಹ್ಯಾಂಗ ಗೊತ್ತು?"

"ಕಾಲೇಜಿನಾಗ ಕೆಡೆಟ್ ಇದ್ದೆ. ಮೂರು ವರ್ಷ ಇಂಥಾದ್ದನ್ನ ಹೊತ್ತೇನಿ."

ಸೆರಗು ಸಿಕ್ಕಿಸಿ, ಮೂರೇ ಪಟ್ಟಿನಲ್ಲಿ ಬಂದೂಕನ್ನು ಹೆಗಲಿಗೇರಿಸಿ, ಹಿಮ್ಮಡಿ ಬಡಿದು ನೆಟ್ಟಗೆ ನಿಂತರು. ಮದುವೆಯಾಗಿ ಹನ್ನೊಂದು ವರ್ಷವಾದರೂ ದೇಸಾಯರು ಆ ಹೆಂಗಸನ್ನು ನೋಡಿರಲಿಲ್ಲ. ಅದು ಅವರ ಮುಖದಲ್ಲೇ ಕಂಡಿತು. ಯಾರೂ ನಗಲಿಲ್ಲ. ದೇಸಾಯರು ನನ್ನ ಕಡೆ ತಿರುಗಿದರು. ಹೋಳಿಗೆ ಬಹಳ ಮೆತ್ತಗಾಗಿದೆ ಎಂದೆ.

ಆಮೇಲೆ ಕೆಲವು ತಿಂಗಳು ನನಗೆ ಕರೆ ಬರಲಿಲ್ಲ. ಬೇಸಗೆಯಲ್ಲಿ ಫ್ಲೀ ಮಾರ್ಕೆಟ್ಟಿನಲ್ಲಿ ಗಂಡಹೆಂಡತಿ ಇಬ್ಬರೂ ಕಂಡರು. ಸುಮಿತ್ರಾ ಒಂದು ಬಂದೂಕಿನ ಮೇಲೆ ಟಾರ್ಚ್ ಬಿಟ್ಟು ಅದರ ಅಚ್ಚು ಓದುತ್ತಿದ್ದರು. ದೇಸಾಯರು ಆಕೆಯ ವ್ಯಾನಿಟಿ ಬ್ಯಾಗ್ ಹಿಡಿದು ಹಿಂದೆ ನಿಂತಿದ್ದರು. "ಇದು ಬರೇ ಕಟ್ಟಿಗೀದು, ಹೊಸಬರಿಗೆ ಕಲಿಸಾಕ ಮಾಡಿದ್ದಂತ. ಅಕಿ ಹೇಳ್ತಾಳ" ಎಂದರು, ತಾವೇ ಕಂಡುಹಿಡಿದಷ್ಟು ಹೆಮ್ಮೆಯಿಂದ. ಮುಂದೆ ಐಟಿ ಗುಳ್ಳೆ ಒಡೆದು ದೇಸಾಯರ ಕೆಲಸ ಹೋಗುವ ಹೊತ್ತಿಗೆ ಗ್ರೀನ್ ಕಾರ್ಡ್ ಬಂದು, ಸುಮಿತ್ರಾ ಕೂಡ ಕೆಲಸಕ್ಕೆ ಸೇರಬಹುದಾಗಿತ್ತು. ಹತ್ತಿರದ ಸಣ್ಣ ಮ್ಯೂಸಿಯಮ್ಮೊಂದು ತನ್ನ ತರಬೇತಿ ಬಂದೂಕುಗಳನ್ನು ಗುರುತಿಸಲು ಸುಮಿತ್ರಾ ಅವರನ್ನು ಕೆಲಸಕ್ಕೆ ತೆಗೆದುಕೊಂಡಿತು. ಎಂಟು ತಿಂಗಳು ದೇಸಾಯರ ಮನೆ ನಡೆದದ್ದು ಅದರಿಂದಲೇ.

ಇಷ್ಟೆಲ್ಲ ನೆನೆಯುವಷ್ಟರಲ್ಲಿ ನನ್ನ ಕಾಫಿ ಆರಿತ್ತು. ಹೆಂಡತಿ ಮೇಜಿನ ನಾಲ್ಕನೆಯ ಕಾಲಿಗೆ ಬಂದಿದ್ದಳು. ಲೋಟ ಕೆಳಗಿಟ್ಟು ಕೇಳಿದೆ: "ನೀನು ಕಾಲೇಜಲ್ಲಿ ಏನು ಮಾಡ್ತಿದ್ದೆ?"

ಅವಳು ತಲೆ ಎತ್ತಲಿಲ್ಲ. "ಡಿಬೇಟ್. ಯೂನಿವರ್ಸಿಟಿಗೇ ಫಸ್ಟ್ ಬಂದಿದ್ದೆ."

"ಇಷ್ಟು ವರ್ಷ ಹೇಳಲೇ ಇಲ್ಲವಲ್ಲ."

"ನೀವು ನಡುವೆ ಉಸಿರು ತಗೊಂಡಿದ್ರೆ ಹೇಳ್ತಿದ್ದೆ."